ಜಾರ್ಜಿಯಾದ ಎಲೆಕೋಸಿಗೆ ಬೀಡು ಬಾಣಲೆಯೇ ಸರಿ

ಅಟ್ಲಾಂಟಾದ ಹೊರವಲಯಕ್ಕೆ ಬಂದ ಮೊದಲ ಚಳಿಗಾಲದಲ್ಲಿ ಪಕ್ಕದ ಮನೆಯ ಅಜ್ಜಿ ಒಂದು ಬಟ್ಟಲು ಎಲೆಕೋಸು ತಂದುಕೊಟ್ಟರು. ಅಲಬಾಮಾದಲ್ಲಿ ಹುಟ್ಟಿ ಬೆಳೆದವರು ಅವರು. ನಮ್ಮ ಪಲ್ಯಕ್ಕೆ ಹೆಚ್ಚುವಂತೆ ಸಣ್ಣಗೆ ಹೆಚ್ಚಿರಲಿಲ್ಲ. ಎರಡು ಬೆರಳಗಲದ ದೊಡ್ಡ ದೊಡ್ಡ ತುಂಡುಗಳು. ಕೆಲವು ಎಲೆಗಳ ಅಂಚು ಕಂದಾಗಿತ್ತು, ದಿಂಡಿನ ಹತ್ತಿರದ ಭಾಗ ಬಾಯಲ್ಲಿಟ್ಟರೆ ಕರಗುವಷ್ಟು ಮೆತ್ತಗಿತ್ತು, ನಡುನಡುವೆ ಬೇಕನ್ ಎಂಬ, ಉಪ್ಪು ಹಾಕಿ ಹೊಗೆ ಹಿಡಿಸಿದ ಹಂದಿಮಾಂಸದ ಚೂರುಗಳು, ತಳದಲ್ಲಿ ಹೊಗೆಯ ಪರಿಮಳದ ಒಂದಿಷ್ಟು ರಸ. ಕೊಡಗಿನ ಮನೆಯಲ್ಲಿ ಬೆಳೆದ ನಾನು ಹಂದಿಮಾಂಸವನ್ನೂ ಕೋಸಿನ ಪಲ್ಯವನ್ನೂ ಚಿಕ್ಕಂದಿನಿಂದ ತಿಂದಿದ್ದೇನೆ. ಎರಡೂ ಒಂದೇ ಬಾಣಲೆಗೆ ಬಿದ್ದರೆ ಹೀಗಾಗುತ್ತದೆ ಎಂದು ತಿಳಿದದ್ದು ಅಂದು.

ಆ ರುಚಿಯನ್ನು ನಮ್ಮ ಒಲೆಯ ಮೇಲೆ ತರಲು ಮೂರು ಪಾತ್ರೆಗಳಲ್ಲಿ ಮಾಡಿ ನೋಡಿದ್ದೇನೆ: ಹನ್ನೆರಡು ಇಂಚಿನ ಬೀಡು ಕಬ್ಬಿಣದ ಬಾಣಲೆ, ದಪ್ಪ ತಳದ ದೊಡ್ಡ ಸ್ಟೀಲ್ ಪಾತ್ರೆ, ಮತ್ತು ಹೋದ ನವೆಂಬರ್‌ನ ರಿಯಾಯಿತಿ ಮಾರಾಟದಲ್ಲಿ 110 ಡಾಲರ್ ಕೊಟ್ಟು ತಂದ ವಿದ್ಯುತ್ ಪ್ರೆಷರ್ ಕುಕ್ಕರ್. ನನ್ನ ಆಯ್ಕೆ ಬೀಡು ಬಾಣಲೆ. ಆದರೆ ಇದನ್ನು ಬರೆಯಲು ಕೂರಿಸಿದ್ದು ಕುಕ್ಕರ್. ಕೊಳ್ಳುವ ಮುನ್ನ ಯಾರಾದರೂ ಆ ಒಂದು ಸಂಗತಿಯನ್ನು ಹೇಳಿದ್ದರೆ ನಮ್ಮ ಮನೆಯ ಒಂದು ಹಬ್ಬದಡುಗೆ ಉಳಿಯುತ್ತಿತ್ತು.

ಕುಕ್ಕರ್ ತಂದದ್ದಕ್ಕೆ ಕಾರಣವಿತ್ತು. ಕೆಲಸ ಮುಗಿಸಿ ಮನೆ ಸೇರುವಾಗ ಸಂಜೆ ಏಳಾಗಿರುತ್ತದೆ. ಬೇಕನ್ ಹುರಿದು, ಕೋಸು ಹಾಕಿ, ಮುಚ್ಚಳ ಮುಚ್ಚಿದರೆ ಮೂರು ನಿಮಿಷದ ಒತ್ತಡಕ್ಕೆ ಬೆಂದುಬಿಡುತ್ತದೆ ಎಂಬುದು ಆಸೆ. ಬೆಂದದ್ದು ನಿಜ. ಆದರೆ ಎಲೆಕೋಸಿನ ತೂಕದಲ್ಲಿ ನೂರಕ್ಕೆ 92 ಪಾಲು ನೀರೇ. ಕುಕ್ಕರ್‌ನಲ್ಲಿ ಆ ನೀರು ಆವಿಯಾಗಿ ಹೋಗಲು ದಾರಿಯಿಲ್ಲ, ಮೇಲಾಗಿ ಆವಿ ಕಟ್ಟಲೆಂದು ನಾವೇ ಒಂದು ಲೋಟ ನೀರು ಹಾಕಬೇಕು. ಮುಚ್ಚಳ ತೆಗೆದರೆ ಬಿಳಿಚಿದ ಎಲೆಗಳು ನೀರಿನಲ್ಲಿ ತೇಲುತ್ತಿದ್ದವು. ಕೋಸು ಬೇಯುವಾಗ ಹುಟ್ಟುವ ಗಂಧಕದ ವಾಸನೆಯೂ ಹೊರಹೋಗದೆ ಒಳಗೇ ಕುಳಿತಿತ್ತು.

ರುಚಿಯ ಕೊರತೆಯನ್ನು ಸಹಿಸಿಕೊಳ್ಳಬಹುದಿತ್ತು. ಸಹಿಸಲಾಗದ್ದು ಮುಚ್ಚಳದ ಗ್ಯಾಸ್ಕೆಟ್.

ಬೇಕನ್ ಹಾಕಿ ಒಮ್ಮೆ, ಹೊಗೆಯಲ್ಲಿ ಹದಗೊಳಿಸಿದ ಟರ್ಕಿ ಕೋಳಿಯ ರೆಕ್ಕೆ ಹಾಕಿ ಇನ್ನೊಮ್ಮೆ ಕೋಸು ಮಾಡಿದ್ದೆ. ಮೂರನೆಯ ದಿನ ಅದೇ ಕುಕ್ಕರ್‌ನಲ್ಲಿ ಅನ್ನಕ್ಕಿಟ್ಟೆ. ಆಗ ಮೈಸೂರಿನಿಂದ ಅತ್ತೆ ಬಂದಿದ್ದರು, ಆರು ತಿಂಗಳು ಇರುವವರು, ಮಾಂಸ ಮುಟ್ಟದವರು. ಮೊದಲ ತುತ್ತನ್ನು ಬಾಯ ಹತ್ತಿರ ಒಯ್ದು ತಟ್ಟೆಯಲ್ಲೇ ಇಟ್ಟರು. "ಅನ್ನದಲ್ಲಿ ಏನೋ ಹೊಗೆಯ ವಾಸನೆ ಇದೆಯಲ್ಲಮ್ಮಾ" ಎಂದರು. ಒಳಪಾತ್ರೆಯನ್ನು ಮೂರು ಸಲ ತಿಕ್ಕಿ ತೊಳೆದಿದ್ದೆ, ಅದರಲ್ಲಿ ವಾಸನೆಯ ಸುಳಿವೂ ಇರಲಿಲ್ಲ. ಮುಚ್ಚಳವನ್ನು ತಿರುಗಿಸಿ ಮೂಗಿನ ಹತ್ತಿರ ತಂದಾಗ ಗೊತ್ತಾಯಿತು. ಅಂಚಿನ ಸಿಲಿಕೋನ್ ಬಳೆ ಜಿಡ್ಡಿನ ಪರಿಮಳವನ್ನೆಲ್ಲ ಹೀರಿಕೊಂಡು ಕುಳಿತಿತ್ತು. ಊರಿನಿಂದ ತಂದ ಸೀಟಿ ಕುಕ್ಕರ್‌ನಲ್ಲಿ ಅನ್ನ, ಬೇಳೆ ಬಿಟ್ಟು ಬೇರೇನನ್ನೂ ಬೇಯಿಸಿರಲಿಲ್ಲವಾದ್ದರಿಂದ ಇಂಥ ತೊಂದರೆ ಉಂಟೆಂದು ನನಗೆ ತಿಳಿದಿರಲೇ ಇಲ್ಲ.

ಅಲ್ಲಿಂದ ಶುರುವಾಯಿತು. ಸೋಪಿನ ನೀರಿನಲ್ಲಿ ನೆನೆಸಿದೆ. ಅಡುಗೆ ಸೋಡಾದಲ್ಲಿ ರಾತ್ರಿಯಿಡೀ ಇಟ್ಟೆ. ವಿನೆಗರ್, ನಿಂಬೆ ಸಿಪ್ಪೆ ಹಾಕಿ ಖಾಲಿ ಕುಕ್ಕರ್‌ನಲ್ಲಿ ಹತ್ತು ನಿಮಿಷ ಆವಿ ಹಿಡಿಸಿದೆ. ಎರಡು ದಿನ ಬಿಸಿಲಿಗಿಟ್ಟೆ. ಪ್ರತಿ ಸಲವೂ ತಣ್ಣಗಿರುವಾಗ ಬಳೆಯನ್ನು ಮೂಸಿದರೆ ವಾಸನೆ ಹೋದಂತೆಯೇ ಇರುತ್ತಿತ್ತು. ಬಿಸಿ ತಾಗಿದೊಡನೆ ಒಳಗಿದ್ದದ್ದೆಲ್ಲ ಹೊರಗೆ ಬರುತ್ತಿತ್ತು. ಹೀಗೆ ಮೋಸ ಹೋಗಿಯೇ ಸಂಕ್ರಾಂತಿಯ ದಿನ ಅದರಲ್ಲಿ ಹೆಸರುಬೇಳೆ ಪಾಯಸಕ್ಕಿಟ್ಟೆ. ಬೆಲ್ಲ, ಏಲಕ್ಕಿ, ತೆಂಗಿನ ಹಾಲು, ಇವೆಲ್ಲದರ ಮೇಲೆ ಟರ್ಕಿಯ ಹೊಗೆ. ಇಡೀ ಪಾತ್ರೆ ಪಾಯಸವನ್ನು ಚೆಲ್ಲಬೇಕಾಯಿತು. ಅತ್ತೆ ಒಂದು ಮಾತನ್ನೂ ಆಡಲಿಲ್ಲ. ಮರುದಿನದಿಂದ ತಮ್ಮ ಪಾಲಿನ ಅನ್ನವನ್ನು ಸಣ್ಣ ಸ್ಟೀಲ್ ಪಾತ್ರೆಯಲ್ಲಿ ತಾವೇ ಮಾಡಿಕೊಳ್ಳತೊಡಗಿದರು. ಮಾಂಸ ತಿನ್ನದವರಿಗೆ ಅದು ಬರಿಯ ವಾಸನೆಯಲ್ಲ, ತಟ್ಟೆಯೇ ಮೈಲಿಗೆಯಾದಂತೆ. ಅವರು ಸುಮ್ಮನೆ ಎದ್ದು ಅಕ್ಕಿ ತೊಳೆಯುವುದನ್ನು ನೋಡುವುದು ನನಗೆ ಬಹಳ ಕಷ್ಟವಾಯಿತು.

ಬಣ್ಣದ ಬಳೆಗಳ ಜೋಡಿ ತರಿಸಿ ಮಾಂಸಕ್ಕೊಂದು, ಅನ್ನಕ್ಕೊಂದು ಎಂದು ಬೇರೆ ಮಾಡಿದೆ. ಅದಕ್ಕೆ ಇನ್ನೂ 12 ಡಾಲರ್. ಆದರೂ ಆವಿ ಬಿಡುವ ತೂತಿನ ಸುತ್ತಲಿನ ಸಣ್ಣ ಬಿಡಿಭಾಗಗಳಲ್ಲಿ ವಾಸನೆ ಉಳಿದೇ ಇರುತ್ತದೆ, ಪ್ರತಿ ಸಲ ಬಳೆ ಬದಲಿಸುವ ನೆನಪೂ ಇರಬೇಕು. ಮಾಂಸ ತಿನ್ನುವವರೂ ತಿನ್ನದವರೂ ಒಟ್ಟಿಗಿರುವ ಮನೆಯವರು ಇದನ್ನು ಮೊದಲು ಯೋಚಿಸಿ, ನಂತರ ಹಣ ಕೊಡಿ.

ದೊಡ್ಡ ಪಾತ್ರೆಯ ವಿಧಾನ ಭಾನುವಾರಕ್ಕೆ ಹೇಳಿ ಮಾಡಿಸಿದ್ದು. ಟರ್ಕಿ ರೆಕ್ಕೆಯನ್ನು ಒಂದು ಗಂಟೆ ನೀರಿನಲ್ಲಿ ಕುದಿಸಿ, ಆಮೇಲೆ ಕೋಸು, ಈರುಳ್ಳಿ, ಒಣಮೆಣಸಿನ ಚೂರು ಹಾಕಿ ಸಣ್ಣ ಉರಿಯಲ್ಲಿ ಮತ್ತೆ ಅರ್ಧ ಗಂಟೆ. ಇಲ್ಲಿಯ ಅನೇಕ ಕಪ್ಪು ಕುಟುಂಬಗಳಲ್ಲಿ ಹಂದಿಯ ಬದಲು ಈಗ ಟರ್ಕಿಯನ್ನೇ ಹಾಕುತ್ತಾರೆ. ಇದರಲ್ಲಿ ಕೋಸಿಗಿಂತ ಅದರ ರಸವೇ ದೊಡ್ಡದು. ಸೊಪ್ಪು ಬೇಯಿಸಿ ಉಳಿದ ಆ ರಸಕ್ಕೆ ಅಮೆರಿಕದ ದಕ್ಷಿಣ ರಾಜ್ಯಗಳವರು ಪಾಟ್ ಲಿಕ್ಕರ್ ಎನ್ನುತ್ತಾರೆ, ನಮ್ಮಲ್ಲಿ ಬಸ್ಸಾರಿಗೆ ಕಟ್ಟನ್ನು ಬಸಿದಿಟ್ಟುಕೊಳ್ಳುವಂತೆ ಹನಿಯನ್ನೂ ಚೆಲ್ಲದೆ ಇಟ್ಟುಕೊಳ್ಳುತ್ತಾರೆ. ಮೆಕ್ಕೆಜೋಳದ ರೊಟ್ಟಿಯನ್ನು ಇದಕ್ಕೆ ಅದ್ದಿ ತಿನ್ನಬೇಕೋ, ಪುಡಿ ಮಾಡಿ ಹಾಕಿಕೊಳ್ಳಬೇಕೋ ಎಂದು 1931ರಲ್ಲಿ ಲೂಸಿಯಾನಾ ರಾಜ್ಯದ ಗವರ್ನರ್ ಹ್ಯೂಯಿ ಲಾಂಗ್ ಮತ್ತು ಅಟ್ಲಾಂಟಾ ಕಾನ್‌ಸ್ಟಿಟ್ಯೂಷನ್ ಪತ್ರಿಕೆಯ ನಡುವೆ ವಾರಗಟ್ಟಲೆ ವಾದ ನಡೆದಿತ್ತು. ಲಾಂಗ್ ಅದ್ದುವವರ ಪಕ್ಷ, ಪತ್ರಿಕೆ ಪುಡಿ ಮಾಡುವವರ ಪಕ್ಷ. ಅಟ್ಲಾಂಟಾದಲ್ಲೇ ಇದ್ದರೂ ನಾನು ಅದ್ದುತ್ತೇನೆ. ಮುದ್ದೆಯನ್ನು ಸಾರಿಗೆ ಅದ್ದಿ ಅಭ್ಯಾಸವಾದ ಕೈ. ಆದರೆ ಎಲೆ ಬಣ್ಣಗೆಡುತ್ತದೆ, ಮನೆಯೆಲ್ಲ ಕೋಸಿನ ವಾಸನೆ ತುಂಬುತ್ತದೆ, ವಾರದ ದಿನಗಳಲ್ಲಿ ಅಷ್ಟು ಹೊತ್ತು ನನಗಿಲ್ಲ.

ಇನ್ನು ಬೀಡು ಬಾಣಲೆ. ಹಳೆಯ ಸಾಮಾನಿನ ಅಂಗಡಿಯಲ್ಲಿ ತುಕ್ಕು ಹಿಡಿದು ಬಿದ್ದಿದ್ದನ್ನು 15 ಡಾಲರ್‌ಗೆ ತಂದೆ. ಲಾಡ್ಜ್ ಕಂಪನಿಯದು. ಟೆನೆಸೀ ರಾಜ್ಯದ ಸೌತ್ ಪಿಟ್ಸ್‌ಬರ್ಗ್ ಎಂಬ ಸಣ್ಣ ಊರಿನಲ್ಲಿ 1896ರಿಂದ ಬೀಡು ಎರಕ ಹೊಯ್ಯುತ್ತಿರುವವರು. ಕಲ್ಲುಪ್ಪು ಹಾಕಿ ತಿಕ್ಕಿ ತುಕ್ಕು ತೆಗೆದು, ತೆಳ್ಳಗೆ ಎಣ್ಣೆ ಸವರಿ, ಒಲೆಪೆಟ್ಟಿಗೆಯಲ್ಲಿ ಒಂದು ಗಂಟೆ ಕಾಯಿಸಿದೆ. ಹಾಗೆ ಮೂರು ಸಲ. ಅಮ್ಮ ಹೊಸ ಕಾವಲಿಗೆ ಎಣ್ಣೆಯಲ್ಲಿ ಅದ್ದಿದ ಈರುಳ್ಳಿ ಹೋಳನ್ನು ದಿನಗಟ್ಟಲೆ ತಿಕ್ಕಿ ಪಳಗಿಸುತ್ತಿದ್ದದ್ದು ನೆನಪಿದ್ದರಿಂದ ಈ ಕೆಲಸ ಬೇಸರವೆನಿಸಲಿಲ್ಲ.

ತಣ್ಣನೆಯ ಬಾಣಲೆಗೇ ನಾಲ್ಕು ಪಟ್ಟಿ ಬೇಕನ್ ಹಾಕಿ ಸಣ್ಣ ಉರಿ ಹಚ್ಚುತ್ತೇನೆ. ಆಗ ಕೊಬ್ಬು ನಿಧಾನವಾಗಿ ಕರಗಿ ಇಳಿಯುತ್ತದೆ. ಬೇಕನ್ ಗರಿಯಾದ ಮೇಲೆ ತೆಗೆದಿಟ್ಟು, ಅದೇ ಕೊಬ್ಬಿಗೆ ಈರುಳ್ಳಿ, ನಂತರ ಒಂದು ಕಿಲೋ ಕೋಸಿನಲ್ಲಿ ಅರ್ಧದಷ್ಟು ಮಾತ್ರ. ಎಲ್ಲವನ್ನೂ ಒಮ್ಮೆಗೇ ತುಂಬಿದರೆ ಬಾಣಲೆಯೂ ಕುಕ್ಕರ್ ಆಗುತ್ತದೆ. ನೀರಿರುವ ತನಕ ಶಾಖ ನೂರು ಡಿಗ್ರಿಯ ಮೇಲೆ ಏರುವುದಿಲ್ಲ, ಕಂದು ಬಣ್ಣ ಬರಲು ಸುಮಾರು 140 ಡಿಗ್ರಿ ಬೇಕು. ನಾಲ್ಕು ನಿಮಿಷ ಸವಟು ಮುಟ್ಟಿಸಬಾರದು. ಪಲ್ಯ ಮಾಡಿದ ಕೈಗೆ ಇದು ತುಂಬಾ ಕಷ್ಟ, ಕೈಯಾಡಿಸುತ್ತಲೇ ಇರಬೇಕೆನಿಸುತ್ತದೆ. ಉಪ್ಪನ್ನೂ ಪಲ್ಯದಂತೆ ಮೊದಲೇ ಹಾಕಬಾರದು. ಉಪ್ಪು ಬಿದ್ದ ಕ್ಷಣದಿಂದ ಕೋಸು ನೀರು ಬಿಡುತ್ತದೆ. ಒಂದು ಮಗ್ಗುಲು ಕಂದಾದ ಮೇಲೆ ತಿರುವಿ, ಉಳಿದರ್ಧ ಸೇರಿಸಿ, ಎಂಟು ನಿಮಿಷ ಮುಚ್ಚಿ, ಮತ್ತೆ ತೆರೆದು ನೀರಾರಿಸಿ, ಕೊನೆಗೆ ಉಪ್ಪು, ಕಾಳುಮೆಣಸಿನ ಪುಡಿ, ಚಿಟಿಕೆ ಸಕ್ಕರೆ, ಬೇಕನ್ ಚೂರು. ಒಟ್ಟು ಮೂವತ್ತೈದು ನಿಮಿಷ. ಕುಕ್ಕರ್‌ನಲ್ಲೂ ಆವಿ ಕಟ್ಟಿ ಇಳಿಯುವ ಹೊತ್ತು ಸೇರಿಸಿದರೆ ಇಪ್ಪತ್ತೈದು ಆಗುತ್ತಿತ್ತು.

ಹುಳಿಗೆ ಒಂದು ಚಮಚ ಸೇಬಿನ ವಿನೆಗರ್, ಅದೂ ಒಲೆ ಆರಿಸಿದ ಮೇಲೆ. ಹುಳಿ ಕುದಿಯುತ್ತಿದ್ದರೆ ಬಾಣಲೆಯ ಪಳಗು ಹೋಗುತ್ತದೆ. ನಮ್ಮ ಕೊಡಗಿನ ಕಪ್ಪು ಹುಳಿರಸ ಕಾಚಂಪುಳಿಯನ್ನೂ ಹಾಕಿ ನೋಡಿದೆ. ಬೇಕನ್‌ಗೆ ಚೆನ್ನಾಗಿ ಒಗ್ಗಿತು, ಕೋಸು ಮಾತ್ರ ಕಪ್ಪಾಯಿತು. ಅದು ಪಂದಿಕರಿಗೇ ಇರಲಿ.

ಬಾಣಲೆಯ ತೂಕ ಮೂರೂವರೆ ಕಿಲೋ. ಎರಡು ಕೈ ಬೇಕು.

ಹೆಚ್ಚಿ ಚೀಲದಲ್ಲಿ ಮಾರುವ ಕೋಸು ಯಾವ ಪಾತ್ರೆಗೂ ಬೇಡ, ಎಳೆ ತೀರಾ ತೆಳು.

ಅತ್ತೆಗಾಗಿ ಹತ್ತು ಇಂಚಿನ ಇನ್ನೊಂದು ಬಾಣಲೆಯನ್ನು ಹೊಸದಾಗಿಯೇ 20 ಡಾಲರ್‌ಗೆ ಕೊಂಡೆ. ಎರಡೂ ಸೇರಿ 35. ಕುಕ್ಕರ್‌ನ ಬೆಲೆಯ ಮೂರನೇ ಒಂದು ಪಾಲಿಗಿಂತ ತುಸು ಕಡಿಮೆ. ಬೇಕನ್ ಬದಲು ತುಪ್ಪ, ಹೊಗೆಯ ರುಚಿಗೆ ಸ್ಮೋಕ್ಡ್ ಪ್ಯಾಪ್ರಿಕಾ ಎಂಬ ಮೆಣಸಿನ ಪುಡಿ ಅರ್ಧ ಚಮಚ. ಬೆಣ್ಣೆ ಹಾಕಿದರೆ ಅಷ್ಟು ಶಾಖಕ್ಕೆ ಸೀಯುತ್ತದೆ. ಹೊಗೆ ಎಂದೊಡನೆ ಅತ್ತೆ ಮೊದಲು ಹಿಂಜರಿದರು. ಪುಡಿಯ ಡಬ್ಬಿಯನ್ನು ಕೈಗೆ ಕೊಟ್ಟು, ಇದು ಬರಿಯ ಮೆಣಸಿನಕಾಯಿ ಎಂದು ತೋರಿಸಿದ ಮೇಲೆ ಚಪಾತಿಯೊಂದಿಗೆ ಎರಡು ಸಲ ಹಾಕಿಸಿಕೊಂಡರು. ಆ ಬಾಣಲೆಗೆ ಮಾಂಸ ಸೋಕಿಸಿಲ್ಲ.

ಕುಕ್ಕರ್ ಈಗ ಮೇಲಿನ ಕಪಾಟಿನಲ್ಲಿದೆ. ಜನವರಿ 1ರಂದು ಇಲ್ಲಿಯವರು ಹಣಕಾಸು ಕೂಡಿಬರಲೆಂದು ಕೋಸು ಅಥವಾ ಸೊಪ್ಪಿನ ಜೊತೆ ಅಲಸಂದೆ ಕಾಳು ತಿನ್ನುತ್ತಾರೆ, ಸೊಪ್ಪು ನೋಟಿನ ಲೆಕ್ಕ, ಕಾಳು ನಾಣ್ಯದ ಲೆಕ್ಕ. ಆ ಕಾಳು ಬೇಯಿಸಲು ಅದನ್ನು ಇಳಿಸುತ್ತೇನೆ.

ಅತ್ತೆ ಮೇ ತಿಂಗಳಲ್ಲಿ ಊರಿಗೆ ಹೊರಟಾಗ ಆ ಚಿಕ್ಕ ಬಾಣಲೆಯನ್ನು ಸೀರೆಗಳ ನಡುವೆ ಸುತ್ತಿಟ್ಟುಕೊಂಡರು. ಎರಡೂಕಾಲು ಕಿಲೋ ತೂಕಕ್ಕೆ ಜಾಗ ಮಾಡಲು ಮೊಮ್ಮಕ್ಕಳಿಗೆಂದು ಕೊಂಡಿದ್ದ ಚಾಕೊಲೇಟ್ ಪೊಟ್ಟಣಗಳನ್ನು ತೆಗೆದಿಟ್ಟರು. ಹೋದ ವಾರ ಫೋನಿನಲ್ಲಿ, ಗ್ಯಾಸ್ ಒಲೆಯ ಮೇಲೆ ಮೂರೇ ನಿಮಿಷಕ್ಕೆ ಅಂಚು ಕಂದಾಯಿತು, ನಿಮ್ಮಲ್ಲಿ ನಾಲ್ಕು ಬೇಕಿತ್ತಲ್ಲ ಎಂದು ಕೇಳಿದರು.