ಒಂದೇ ಇಮೇಲಿನಲ್ಲಿ 214 ವಿಳಾಸಗಳು

ಮೈಸೂರಿನ ಒಂದು ಸಂತಾನ ಚಿಕಿತ್ಸಾ ಕ್ಲಿನಿಕ್ಕಿನಲ್ಲಿ ಕಚೇರಿ ಕೆಲಸ ನೋಡಿಕೊಳ್ಳುವವಳು ನಾನು. 2024ರ ದಸರೆಗೆ ಕ್ಲಿನಿಕ್ಕು ಮೂರು ದಿನ ಮುಚ್ಚಿರುತ್ತದೆ ಎಂದು ರೋಗಿಗಳಿಗೆ ತಿಳಿಸಲು ನಾನು ಕಳಿಸಿದ ಇಮೇಲಿನಿಂದ ಏನೇನಾಯಿತು ಎಂಬುದನ್ನು, ಇದೇ ಕೆಲಸ ಮಾಡುತ್ತಿರುವವರು ಓದಲೆಂದು ಬರೆಯುತ್ತಿದ್ದೇನೆ.

ಸಂಜೆ ಮನೆಗೆ ಹೊರಡುವ ಆತುರದಲ್ಲಿದ್ದೆ. ಎಕ್ಸೆಲ್ ಹಾಳೆಯಿಂದ 214 ವಿಳಾಸಗಳನ್ನು ಒಟ್ಟಿಗೆ ನಕಲು ಮಾಡಿ, ಒಬ್ಬರ ವಿಳಾಸ ಇನ್ನೊಬ್ಬರಿಗೆ ಕಾಣದ 'ಬಿಸಿಸಿ' ಎಂಬಲ್ಲಿ ಹಾಕಬೇಕಾದದ್ದನ್ನು, ಎಲ್ಲರಿಗೂ ಕಾಣುವ 'ಟು' ಎಂಬಲ್ಲಿ ಹಾಕಿ ಕಳಿಸಿಬಿಟ್ಟೆ. ಹತ್ತು ನಿಮಿಷದೊಳಗೆ ಒಬ್ಬರ ಉತ್ತರ ಬಂತು: "ದಯವಿಟ್ಟು ನಮ್ಮ ಹೆಸರು ತೆಗೆಯಿರಿ, ಮನೆಯಲ್ಲಿ ಯಾರಿಗೂ ಗೊತ್ತಿಲ್ಲ." ಗಾಬರಿಯಲ್ಲಿ ಅವರು 'ರಿಪ್ಲೈ ಆಲ್' ಒತ್ತಿದ್ದರಿಂದ ಆ ಮಾತು ಕೂಡ ಪಟ್ಟಿಯಲ್ಲಿದ್ದ ಎಲ್ಲರಿಗೂ ತಲುಪಿತ್ತು. ಜಿಮೇಲ್‌ನಲ್ಲಿ ಕಳಿಸಿದ್ದನ್ನು ತಡೆಯಲು ಹೆಚ್ಚೆಂದರೆ 30 ಸೆಕೆಂಡುಗಳ ಅವಕಾಶವಿರುತ್ತದೆ. ನನಗೆ ತಪ್ಪು ಗೊತ್ತಾಗುವಷ್ಟರಲ್ಲಿ ಅದು ಯಾವಾಗಲೋ ಮುಗಿದಿತ್ತು.

ಮರುದಿನ ಬೆಳಿಗ್ಗೆ ಉಪನ್ಯಾಸಕಿಯೊಬ್ಬರು ಫೋನ್ ಮಾಡಿದರು. ಅವರದೇ ಕಾಲೇಜಿನ ಸಹೋದ್ಯೋಗಿಯೊಬ್ಬರ ವಿಳಾಸವೂ ಆ ಪಟ್ಟಿಯಲ್ಲಿತ್ತು. "ನಮ್ಮತ್ತೆಗೂ ಹೇಳದ ವಿಷಯ ಇದು ಮೇಡಂ" ಎಂದರು, ದನಿ ಏರಿಸಲಿಲ್ಲ. ಮಧ್ಯಾಹ್ನ ಅವರ ಪತಿ ಬಂದು ಸ್ಕ್ಯಾನ್ ವರದಿಗಳ ಫೈಲನ್ನು ತೆಗೆದುಕೊಂಡು ಹೋದರು. ಚಿಕಿತ್ಸೆ ಅರ್ಧದಲ್ಲಿತ್ತು. ನಮ್ಮಂಥ ಕ್ಲಿನಿಕ್ಕಿನಿಂದ ಪತ್ರ ಬಂದಿದೆ ಎಂಬುದೇ ಒಂದು ವೈದ್ಯಕೀಯ ಗುಟ್ಟು ಎಂಬುದು ನನಗೆ ಅಂದು ಹೊಳೆಯಿತು. ಅಲ್ಲಿಯವರೆಗೆ ಗುಟ್ಟೆಲ್ಲ ಫೈಲಿನೊಳಗಿರುತ್ತದೆ ಎಂದುಕೊಂಡಿದ್ದೆ.

ಇಂಥದ್ದು ದೊಡ್ಡ ಸಂಸ್ಥೆಗಳಲ್ಲೂ ಆಗಿದೆ. 2015ರ ಸೆಪ್ಟೆಂಬರ್‌ನಲ್ಲಿ ಲಂಡನ್ನಿನ 56 ಡೀನ್ ಸ್ಟ್ರೀಟ್ ಕ್ಲಿನಿಕ್ಕಿನಿಂದ ಎಚ್‌ಐವಿ ಸೇವೆಯ ಸುದ್ದಿಪತ್ರವೊಂದು ಹೀಗೆಯೇ 781 ವಿಳಾಸಗಳನ್ನು ಹೊತ್ತು ಹೋಯಿತು. ಅವುಗಳಲ್ಲಿ 730ರಲ್ಲಿ ಪೂರ್ಣ ಹೆಸರುಗಳಿದ್ದವು. ಆ ಕ್ಲಿನಿಕ್ಕನ್ನು ನಡೆಸುವ ಆಸ್ಪತ್ರೆ ಟ್ರಸ್ಟಿಗೆ ಮರುವರ್ಷ 1,80,000 ಪೌಂಡ್ ದಂಡ ಬಿತ್ತು. ಅದೇ ಟ್ರಸ್ಟಿನಲ್ಲಿ 2010ರಲ್ಲಿಯೂ ಇದೇ ಬಗೆಯ ಸಣ್ಣ ಪ್ರಮಾದ ನಡೆದಿತ್ತೆಂಬುದನ್ನು ಓದಿದಾಗ, 'ಇನ್ನು ಮುಂದೆ ಜೋಪಾನವಾಗಿರೋಣ' ಎಂಬ ತೀರ್ಮಾನವಷ್ಟೇ ಸಾಲದು ಎನಿಸಿತು. ನಮ್ಮ ದೇಶದ 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯಲ್ಲಿ, ಸೂಕ್ತ ರಕ್ಷಣಾ ಕ್ರಮಗಳಿಲ್ಲದೆ ಮಾಹಿತಿ ಸೋರಿದರೆ ದಂಡದ ಗರಿಷ್ಠ ಮಿತಿ 250 ಕೋಟಿ ರೂಪಾಯಿ.

ವಿಳಾಸಗಳ ವಿಷಯ ಹಾಗಿರಲಿ, ಪತ್ರವೇ ಸರಿಯಿರಲಿಲ್ಲ. ವಿಷಯದ ಸಾಲಿನಲ್ಲಿ 'ದಸರಾ ಹಬ್ಬದ ಹಾರ್ದಿಕ ಶುಭಾಶಯಗಳು' ಎಂದಿತ್ತು, ರಜೆಯ ದಿನಾಂಕಗಳು ನಾಲ್ಕನೆಯ ಪ್ಯಾರಾದಲ್ಲಿದ್ದವು. ಮೊದಲ ರಜೆಯ ದಿನ ಕೊಳ್ಳೇಗಾಲದಿಂದ ಬೆಳಗಿನ ಬಸ್ಸಿಗೆ ಬಂದ ದಂಪತಿಗೆ ಬೀಗ ಹಾಕಿದ ಬಾಗಿಲು ಎದುರಾಯಿತು. ಈ ಚಿಕಿತ್ಸೆಯಲ್ಲಿ ಸ್ಕ್ಯಾನ್ ನಡೆಯುವುದು ಮುಟ್ಟಿನ ದಿನದ ಲೆಕ್ಕದಲ್ಲಿ. ಮೂರು ದಿನ ಕಳೆದು ಬನ್ನಿ ಎಂದರೆ ಆ ತಿಂಗಳು ಕೈತಪ್ಪಿತೆಂದೇ ಅರ್ಥ. ಇನ್ನೂ ನೋವಿನ ಸಂಗತಿಯೆಂದರೆ, ಮೊದಲ ಪ್ಯಾರಾದಲ್ಲಿ ನಾನು 'ಈ ದಸರೆಗೆ ನಿಮ್ಮ ಮಡಿಲು ತುಂಬಲಿ' ಎಂದು ಹಾರೈಸಿದ್ದೆ, ಹಿಂದಿನ ತಿಂಗಳಷ್ಟೇ ಗರ್ಭಪಾತವಾಗಿದ್ದ ಇಬ್ಬರಿಗೂ ಅದು ಹೋಗಿತ್ತು.

ಈಗ ನಾವು ಮೇಲ್ ಮರ್ಜ್ ಬಳಸಿ ಒಬ್ಬೊಬ್ಬರಿಗೂ ಪ್ರತ್ಯೇಕ ಪತ್ರ ಕಳಿಸುತ್ತೇವೆ. ಬಿಸಿಸಿಯನ್ನು ನಂಬುವುದನ್ನೇ ಬಿಟ್ಟಿದ್ದೇವೆ. ಫೋನಿನ ಪರದೆಯ ಮೇಲೆ ಪಕ್ಕದವರಿಗೂ ಕಾಣುವುದರಿಂದ ಕಳಿಸುವವರ ಹೆಸರಿನಲ್ಲಿ 'ಸಂತಾನ' ಎಂಬ ಪದವಿಲ್ಲ. ವಿಷಯದ ಸಾಲಿನಲ್ಲಿ ರೋಗದ ಸುಳಿವಿಲ್ಲದೆ 'ಅಕ್ಟೋಬರ್ 11ರಿಂದ 13ರವರೆಗೆ ರಜೆ' ಎಂಬಷ್ಟೇ ಇರುತ್ತದೆ, ಮೊದಲ ವಾಕ್ಯದಲ್ಲೇ ತುರ್ತಿಗೆ ಕರೆಯಬೇಕಾದ ನಂಬರು. ಹಾರೈಕೆಗಳನ್ನು ಪೂರ್ತಿ ಕೈಬಿಟ್ಟಿದ್ದೇವೆ. ಮೊದಲ ಪ್ರತಿ ನಮ್ಮ ನರ್ಸ್ ಒಬ್ಬರಿಗೆ ಹೋಗುತ್ತದೆ, ಅವರು ಓದಿ ಸರಿ ಎಂದ ಮೇಲೆಯೇ ಉಳಿದದ್ದು.

ಇಷ್ಟಾಗಿಯೂ ತಪ್ಪಾದರೆ ಕ್ಷಮೆ ಕೇಳಲು ಮತ್ತೊಂದು ಸಾಮೂಹಿಕ ಇಮೇಲ್ ಕಳಿಸಬೇಡಿ. ನಾನು ಕಳಿಸಲು ಹೊರಟಿದ್ದೆ, ಡಾಕ್ಟರು ತಡೆದರು. ನಾವಿಬ್ಬರೂ ನಾಲ್ಕು ದಿನ ಕೂತು 214 ಜನರಿಗೂ ಫೋನ್ ಮಾಡಿ, ಬೇರೆಯವರ ವಿಳಾಸಗಳಿರುವ ಆ ಪತ್ರವನ್ನು ಅಳಿಸಿಹಾಕುವಂತೆ ಕೇಳಿಕೊಂಡೆವು. 31 ಜನ ಕರೆ ತೆಗೆದುಕೊಳ್ಳಲಿಲ್ಲ. ಅವರಲ್ಲಿ ಹನ್ನೆರಡು ಮಂದಿ ಮತ್ತೆ ನಮ್ಮಲ್ಲಿಗೆ ಬರಲಿಲ್ಲ.