ಸಾಫ್ಟ್‌ವೇರ್, ಎಕ್ಸೆಲ್, ಆಡಿಟರ್: ಒಂದೇ ಪ್ರೆಸ್ಸಿನ ಕಾರ್ಬನ್ ಲೆಕ್ಕ, ಮೂರು ದಾರಿ

ನಮ್ಮದು ಚಿಕ್ಕ ಪ್ರಿಂಟಿಂಗ್ ಪ್ರೆಸ್. ದೊಡ್ಡ ಗಿರಾಕಿಯೊಬ್ಬರು ಕಾರ್ಬನ್ ಲೆಕ್ಕ, ಅಂದರೆ ನಮ್ಮ ಕೆಲಸದಿಂದ ವರ್ಷಕ್ಕೆ ಭೂಮಿಯ ಬಿಸಿ ಏರಿಸುವ ಅನಿಲ ಎಷ್ಟು ಗಾಳಿಗೆ ಸೇರುತ್ತದೆ ಅನ್ನೋ ಲೆಕ್ಕ ಕೇಳಿದಾಗ ಕೊಡೋಕೆ ನಮ್ಮ ಹತ್ತಿರ ಏನೂ ಇರಲಿಲ್ಲ. ಹಾಗಾಗಿ ಒಂದೇ ವರ್ಷದ ಬಿಲ್ಲುಗಳನ್ನು ಹಿಡಿದು ಮೂರು ದಾರಿಯನ್ನೂ ನೋಡಿದೆವು.

ಮೊದಲು ಆನ್‌ಲೈನ್ ಸಾಫ್ಟ್‌ವೇರ್. ಖರ್ಚಿನ ಫೈಲ್ ಅಪ್‌ಲೋಡ್ ಮಾಡಿದರೆ ಸಾಕು, ಅರ್ಧ ಗಂಟೆಯಲ್ಲಿ ಚಂದದ ಚಾರ್ಟ್ ರೆಡಿ. ಆದರೆ ಅದು ಲೆಕ್ಕ ಹಾಕುವುದು ದುಡ್ಡಿನ ಮೇಲೆ. ಕಾಗದಕ್ಕೆ ಇಷ್ಟು ಖರ್ಚಾಗಿದೆ, ಹಾಗಾದರೆ ಇಷ್ಟು ಕಾರ್ಬನ್. ಹಿಂದಿನ ವರ್ಷದ ಫೈಲನ್ನೂ ಹಾಕಿದಾಗ ಎಡವಟ್ಟು ಗೊತ್ತಾಯಿತು. ಎರಡೂ ವರ್ಷ ತರಿಸಿದ ಕಾಗದದ ತೂಕ ಹೆಚ್ಚುಕಡಿಮೆ ಒಂದೇ. ಏರಿದ್ದು ರೇಟು ಮಾತ್ರ. ಚಾರ್ಟಿನಲ್ಲಿ ನಮ್ಮ ಕಾರ್ಬನ್ ಕೂಡ ಏರಿತ್ತು! ನಾಳೆ ಜಾಸ್ತಿ ದುಡ್ಡು ಕೊಟ್ಟು ಮರುಬಳಕೆ ಕಾಗದ ತಂದರೆ ಒಳ್ಳೆ ಕೆಲಸಕ್ಕೇ ದಂಡ ಬಿದ್ದ ಹಾಗೆ, ಅಲ್ವಾ? ದೊಡ್ಡ ಪಾಲು ಎಲ್ಲಿದೆ ಅಂತ ಅಂದಾಜು ಸಿಗುತ್ತದೆ, ಅಷ್ಟೇ.

ಆಮೇಲೆ ಎಕ್ಸೆಲ್. ಈ ಲೆಕ್ಕ ಹೇಗೆ ಹಾಕಬೇಕು ಅಂತ ಹೇಳುವ ನಿಯಮಾವಳಿ ಜಿಎಚ್‌ಜಿ ಪ್ರೊಟೊಕಾಲ್. 2001ರಲ್ಲಿ ಮೊದಲು ಬಂದ ಅದನ್ನು ಯಾರು ಬೇಕಾದರೂ ಓದಬಹುದು, ದುಡ್ಡು ಕೊಡಬೇಕಿಲ್ಲ. ಅದು ಲೆಕ್ಕವನ್ನು ‘ಸ್ಕೋಪ್’ ಎಂಬ ಮೂರು ಭಾಗ ಮಾಡುತ್ತದೆ. ನಾವೇ ಸುಡುವ ಇಂಧನ ಸ್ಕೋಪ್ 1, ಕೊಳ್ಳುವ ಕರೆಂಟು ಸ್ಕೋಪ್ 2, ಕಾಗದ, ಇಂಕು, ಸಾಗಾಟ ಎಲ್ಲ ಸ್ಕೋಪ್ 3. ಇಲ್ಲಿ ದುಡ್ಡಿನ ಮಾತಿಲ್ಲ. ಲೀಟರು, ಯೂನಿಟ್ಟು, ಕಿಲೋ ಬೇಕು. ಜನರೇಟರಿಗೆ ವರ್ಷಕ್ಕೆ 900 ಲೀಟರ್ ಡೀಸೆಲ್ ಹೋಗಿತ್ತು. ಲೀಟರಿಗೆ ಸುಮಾರು 2.68 ಕಿಲೋ ಇಂಗಾಲದ ಡೈಆಕ್ಸೈಡಿನಂತೆ 2.4 ಟನ್. ಬಿಲ್ಲು ಹುಡುಕುವುದರಲ್ಲೇ ಮೂರು ವಾರ ಹೋಯಿತು. ಆದರೆ ಪ್ರತಿ ಅಂಕಿ ಎಲ್ಲಿಂದ ಬಂತು ಅಂತ ನಮಗೆ ಗೊತ್ತಿತ್ತು.

ಮೂರನೆಯದು ಹೊರಗಿನವರಿಂದ ಪರಿಶೀಲನೆ. ಲೆಕ್ಕವನ್ನೂ ನಾವೇ ಹಾಕಿಕೊಡುತ್ತೇವೆ, ಪರಿಶೀಲನೆಯನ್ನೂ ನಾವೇ ಮಾಡುತ್ತೇವೆ ಎಂದ ಒಂದು ಸಂಸ್ಥೆಯನ್ನು ಬಿಟ್ಟೆವು. ತಾವೇ ಬರೆದ ಪೇಪರನ್ನು ತಾವೇ ತಿದ್ದಿದರೆ ಯಾರು ನಂಬುತ್ತಾರೆ? ಇಂಥ ಪರಿಶೀಲನೆಗೆಂದೇ ಇರುವ ಅಂತರರಾಷ್ಟ್ರೀಯ ಮಾನದಂಡ ಐಎಸ್‌ಒ 14064-3 ಪ್ರಕಾರ ಪರಿಶೀಲಿಸುವ ಬೇರೆಯವರನ್ನು ಕರೆದೆವು. ನಮ್ಮ ಎಕ್ಸೆಲ್ ನೋಡಿದ ಆಡಿಟರ್ ಮೊದಲು ಕೇಳಿದ್ದು, ‘ಎಸಿ ಸರ್ವಿಸ್ ಬಿಲ್ ಎಲ್ಲಿ ಮೇಡಂ?’

ಅದು ನಮ್ಮ ತಲೆಗೇ ಹೊಳೆದಿರಲಿಲ್ಲ. ಎಸಿ ತಂಪು ಮಾಡೋದು ಒಂದು ಗ್ಯಾಸಿನಿಂದ, ಅದು ಸೋರಿದರೆ ಅದೂ ಭೂಮಿಯ ಬಿಸಿ ಏರಿಸುತ್ತದೆ. ಸೋರಿಹೋಗಿದ್ದಕ್ಕೆ ಬದಲಾಗಿ ತುಂಬಿಸಿದ್ದು ಒಂದೂವರೆ ಕಿಲೋ ಆರ್-410ಎ ಗ್ಯಾಸ್. ಹವಾಮಾನ ಬದಲಾವಣೆ ಬಗ್ಗೆ ವಿಶ್ವಸಂಸ್ಥೆಯ ತಜ್ಞರ ಸಮಿತಿಯಾದ ಐಪಿಸಿಸಿಯ ನಾಲ್ಕನೇ ವರದಿಯ ಲೆಕ್ಕದಲ್ಲಿ ಅದರ ಒಂದು ಕಿಲೋ 2,088 ಕಿಲೋ ಇಂಗಾಲದ ಡೈಆಕ್ಸೈಡಿಗೆ ಸಮ. ಅಂದರೆ 3.1 ಟನ್. ವರ್ಷವಿಡೀ ಸುಟ್ಟ ಡೀಸೆಲ್‌ಗಿಂತ ಜಾಸ್ತಿ!

ನನ್ನ ಮಟ್ಟಿಗೆ ಎಕ್ಸೆಲ್ಲೇ ಬುನಾದಿ. ಗಿರಾಕಿ ಸರ್ಟಿಫಿಕೇಟ್ ಕೇಳಿದರೆ ಅದರ ಮೇಲೆ ‘ಲಿಮಿಟೆಡ್ ಅಶ್ಯೂರೆನ್ಸ್’, ಅಂದರೆ ಆಡಿಟರ್ ಸೀಮಿತವಾಗಿ ನೋಡಿ ಕೊಡುವ ಭರವಸೆ, ತೆಗೆದುಕೊಳ್ಳಿ. ‘ರೀಸನಬಲ್ ಅಶ್ಯೂರೆನ್ಸ್’ ಇನ್ನೂ ಆಳಕ್ಕೆ ಹೋಗುತ್ತದೆ, ಖರ್ಚೂ ಜಾಸ್ತಿ. ನಮ್ಮಷ್ಟು ಚಿಕ್ಕವರಿಗೆ ಅದು ಬೇಕಾಗುವುದಿಲ್ಲ. ಯಾರೂ ಕೇಳಿಲ್ಲವಾದರೆ ಸುಮ್ನೆ ಪರಿಶೀಲನೆಗೆ ದುಡ್ಡು ಹಾಕಬೇಡಿ. ಮೊದಲ ವರ್ಷ ಬಿಲ್ಲುಗಳನ್ನು ಸರಿಮಾಡಿಕೊಳ್ಳಿ. ಈಗ ಎಸಿ ಮೆಕ್ಯಾನಿಕ್ ಬಂದಾಗಲೆಲ್ಲ ಯಾವ ಗ್ಯಾಸ್, ಎಷ್ಟು ಕಿಲೋ ಅಂತ ಬಿಲ್ಲಿನಲ್ಲೇ ಬರೆಸಿಕೊಳ್ಳುತ್ತೇವೆ.