ಎಂಟು ಚಾನೆಲ್ ಅಂತ ಕೊಂಡೆ, ನಾಲ್ಕರಲ್ಲಿ ನೆಮ್ಮದಿ

ರಾಯಚೂರಿನ ನಮ್ಮ ಅಕ್ಕಿ ಗಿರಣಿಯ ಡ್ರೈಯರ್‌ಗೆ ಈ ಯುಎಸ್‌ಬಿ ಡೇಟಾ ಡಬ್ಬಿ (ಸೆನ್ಸರ್‌ಗಳ ವೋಲ್ಟೇಜ್ ಓದಿ ಲ್ಯಾಪ್‌ಟಾಪ್‌ಗೆ ಕಳಿಸೋದು) ಕಟ್ಟಿ ಸೀಸನ್‌ಗಳೇ ದಾಟಿವೆ. ಮೈಮೇಲೆ ದಪ್ಪ ಅಕ್ಷರದಲ್ಲಿ ‘8 ಚಾನೆಲ್’, ಅಂದರೆ ಎಂಟು ಇನ್‌ಪುಟ್, ಅಂತಿದೆ. ನನ್ನ ತಕರಾರು ಅದರ ಮೇಲೇ.

ಎಂಟು ಸಿಗೋದು ಸಿಂಗಲ್ ಎಂಡೆಡ್‌ನಲ್ಲಿ ಮಾತ್ರ. ಸಾಫ್ಟ್‌ವೇರ್ ತೆರೆದರೆ ಮೊದಲೇ ಟಿಕ್ ಆಗಿರೋದೂ ಅದೇ. ಆಗ ಎಲ್ಲ ಚಾನೆಲ್‌ಗೂ ಒಂದೇ ಗ್ರೌಂಡ್. ಡ್ರೈಯರ್‌ನ ಬಿಸಿಯನ್ನು ಕರೆಂಟ್ ಆಗಿ ಬದಲಿಸೋ ನಮ್ಮ ಟ್ರಾನ್ಸ್‌ಮಿಟರ್ 0ರಿಂದ 200 ಡಿಗ್ರಿಗೆ 4-20 ಮಿಲಿಆಂಪ್ ಕೊಡುತ್ತೆ. 250 ಓಮ್ ರೆಸಿಸ್ಟರ್ ಹಾಕಿ ಅದನ್ನು 1-5 ವೋಲ್ಟ್ ಮಾಡಿಕೊಂಡಿದ್ದೇವೆ. ಅಂದರೆ ಒಂದು ಡಿಗ್ರಿಗೆ ಬರೀ 20 ಮಿಲಿವೋಲ್ಟ್. ಟ್ರಾನ್ಸ್‌ಮಿಟರ್ ಸಪ್ಲೈನ ಮೈನಸ್ ಪ್ಯಾನೆಲ್ ಅರ್ಥಿಂಗ್‌ಗೆ ಸೇರಿದೆ, ಲ್ಯಾಪ್‌ಟಾಪ್ ಮೂರು ಪಿನ್ ಚಾರ್ಜರ್ ಮೂಲಕ ಆಫೀಸ್ ಅರ್ಥಿಂಗ್‌ಗೆ. ಇವೆರಡರ ನಡುವೆ 100 ಮಿಲಿವೋಲ್ಟ್ ಫರಕು ಬಂದರೆ ಸಾಕು, ಐದು ಡಿಗ್ರಿ ಸುಳ್ಳು ತೋರಿಸುತ್ತೆ. ಬ್ಲೋವರ್ ಹಾಕಿದಾಗಲೆಲ್ಲ ಗ್ರಾಫ್ ಕುಣಿಯೋದು. ಗುಟ್ಟು ಹಿಡಿದದ್ದು ನಮ್ಮ ಎಲೆಕ್ಟ್ರಿಷಿಯನ್: “ಸರ, ಚಾರ್ಜರ್ ಕಿತ್ತರ ಸುಮ್ಮನಾಗ್ತೈತ್ರಿ!” ಮಾರಿದವರಿಗೆ ಫೋನ್ ಮಾಡಿದರೆ ‘ಅರ್ಥಿಂಗ್ ಚೆನ್ನಾಗಿ ಮಾಡಿಸಿ’ ಅಂದು ಇಟ್ಟರು.

ಸಾಫ್ಟ್‌ವೇರ್‌ನಲ್ಲಿ ಡಿಫರೆನ್ಷಿಯಲ್‌ಗೆ, ಅಂದರೆ ಒಂದು ಚಾನೆಲ್‌ಗೆ ಎರಡು ಇನ್‌ಪುಟ್ ಬಳಸೋ ವಿಧಾನಕ್ಕೆ, ಬದಲಿಸಿದ ಮೇಲೆ ಸಿಟ್ಟು ಇಳಿಯಿತು. ಪ್ಲಸ್, ಮೈನಸ್ ಎರಡೂ ತಂತಿ ನೇರ ಆ ರೆಸಿಸ್ಟರ್‌ನ ಎರಡು ತುದಿಗೆ. ಡಬ್ಬಿ ಇವೆರಡರ ವ್ಯತ್ಯಾಸ ಮಾತ್ರ ಓದುತ್ತೆ, ಎರಡಕ್ಕೂ ಸಮನಾಗಿ ಬಂದ ಅರ್ಥಿಂಗ್ ಗಲಾಟೆ ವಜಾ. ಚಾನೆಲ್ ನಾಲ್ಕಕ್ಕಿಳಿದವು, ಆದರೆ ಬ್ಲೋವರ್ ಹಾಕಿದ್ದು ಗ್ರಾಫ್ ನೋಡಿದರೆ ಗೊತ್ತೇ ಆಗಲ್ಲ.

ಬೆಳಿಗ್ಗೆ ಬಾಯ್ಲರ್‌ಗೆ ಹೊಟ್ಟು ಬೀಳೋ ಹೊತ್ತಿಗೆ ಡಬ್ಬಿ ಮೇಲಿನ ದೂಳು ಊದಿ, ಸ್ಕ್ರೂಗಳನ್ನು ಒಮ್ಮೆ ಬಿಗಿ ಮಾಡಿ, ಖಾಲಿ ಇರುವ ನಾಲ್ಕನೇ ಚಾನೆಲ್‌ಗೆ ಒಂದು ಪೆನ್ಸಿಲ್ ಸೆಲ್ ಹಿಡಿಯುತ್ತೇನೆ. ಮಲ್ಟಿಮೀಟರ್ ತೋರಿಸಿದ್ದೇ ಇಲ್ಲೂ ಬಂದರೆ ಚಹಾಕ್ಕೆ ಹೊರಡೋದು. ಡಿಫರೆನ್ಷಿಯಲ್ ಮಾಡಿದ ಹೊಸತರಲ್ಲಿ ಸೆಲ್‌ನ ಒಂದೂವರೆ ವೋಲ್ಟ್ ನಿಲ್ಲದೆ ಮೆಲ್ಲಗೆ ಎಲ್ಲೆಲ್ಲೋ ಹೋಗುತ್ತಿತ್ತು. ಸೆಲ್‌ಗೆ ಯಾವ ಗ್ರೌಂಡೂ ಇಲ್ಲ, ಇನ್‌ಪುಟ್‌ನಲ್ಲಿ ಯಾವಾಗಲೂ ಹರಿಯೋ ಚೂರು ಕರೆಂಟ್‌ಗೆ (ಬಯಾಸ್ ಕರೆಂಟ್) ವಾಪಸ್ ಹೋಗಲು ದಾರಿ ಬೇಕಲ್ಲ! ಮೈನಸ್‌ನಿಂದ ಅನಲಾಗ್ ಗ್ರೌಂಡ್‌ಗೆ 100 ಕಿಲೋ ಓಮ್ ರೆಸಿಸ್ಟರ್ ಹಾಕಿದೆ, ನಿಂತಿತು. ಚಿಲ್ಲರೆ ಕಾಸಿನ ಈ ಪೀಸನ್ನು ಡಬ್ಬಿ ಜೊತೆಗೇ ಕೊಟ್ಟಿದ್ದರೆ ಅವರ ಗಂಟೇನು ಹೋಗುತ್ತಿತ್ತು? ಟ್ರಾನ್ಸ್‌ಮಿಟರ್ ಚಾನೆಲ್‌ಗಳಿಗೆ ಮಾತ್ರ ಇದು ಬೇಡ, ಅವು ಆಗಲೇ ಪ್ಯಾನೆಲ್ ಅರ್ಥಿಂಗ್ ಹಿಡಿದಿವೆ.

ಇನ್‌ಪುಟ್‌ಗೂ ಲ್ಯಾಪ್‌ಟಾಪ್‌ಗೂ ವಿದ್ಯುತ್ ಸಂಪರ್ಕವೇ ಇಲ್ಲದ ಐಸೊಲೇಟೆಡ್ ಮಾದರಿಯ ರೇಟು ನಮ್ಮ ಗಿರಣಿಯ ಲೆಕ್ಕಕ್ಕೆ ಹೊಂದಲ್ಲ. ಆದರೆ ಇದರಲ್ಲಿ ಪ್ಲಸ್, ಮೈನಸ್ ಎರಡೂ ಡಬ್ಬಿಯ ಗ್ರೌಂಡ್‌ನಿಂದ 10 ವೋಲ್ಟ್ ಒಳಗೇ ಇರಬೇಕು. ಹೇಗೂ ಡಿಫರೆನ್ಷಿಯಲ್ ಇದೆ ಅಂತ ಮೋಟಾರ್ ಡ್ರೈವ್‌ನ ಒಳಗಿನ ನೂರಾರು ವೋಲ್ಟ್‌ನ ಡಿಸಿ ಬಸ್ಸಿಗೆ ತಂತಿ ಚುಚ್ಚುವವರು ಇದನ್ನು ಕೊಳ್ಳಲೇಬೇಡಿ, ಡಬ್ಬಿ ಜೊತೆ ಲ್ಯಾಪ್‌ಟಾಪೂ ಹೋಗುತ್ತೆ.